ಕರಾರಿನ ಸ್ವಾತಂತ್ರ್ಯ: ಯಾರ ಸ್ವಾತಂತ್ರ್ಯ?

“ಇಷ್ಟವಿದ್ದರೆ ಇರು, ಇಲ್ಲವಾದರೆ ಗಂಟು ಕಟ್ಟು.”

ಗಲ್ಲಾದ ಹಿಂದಿನಿಂದ ಬರುವ ಈ ಮಾತನ್ನು ಕೇಳದ ಹೋಟೆಲು ಕಾರ್ಮಿಕನು ನಮ್ಮಲ್ಲಿ ಯಾರಿದ್ದಾನೆ? ಬೆಳಗಿನ ಐದಕ್ಕೆ ಒಲೆ ಹೊತ್ತಿಸಿದವನು ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಅದೇ ಮೇಜಿನ ಮೇಲೆ ಮೈ ಚಾಚುವ ಮೊದಲು “ಒಂದು ತಾಸು ಕಡಿಮೆ ಮಾಡಿರಿ” ಎಂದು ಕೇಳಿದರೆ ಸಿಗುವ ಉತ್ತರ ಇದೇ. ಗಿರಣಿಯ ಗೇಟಿನಲ್ಲಿ ಬದಲಿ ಕೆಲಸಕ್ಕಾಗಿ ಕಾದು ನಿಂತ ನಮ್ಮ ಅಣ್ಣಂದಿರೂ ಇದನ್ನೇ ಕೇಳಿದವರು. “ನಿನ್ನನ್ನು ಊರಿನಿಂದ ಯಾರೂ ಕಟ್ಟಿ ತಂದದ್ದಲ್ಲ. ನೀನಾಗಿ ಬಂದೆ, ನೀನಾಗಿ ಒಪ್ಪಿದೆ. ಈಗ ತಕರಾರು ಯಾಕೆ?” ಎಂಬುದು ಅದರ ಬಾಲ.

ಇದು ಧಣಿಯ ಬಾಯಿಯ ಮಾತೆಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಬಂಧುಗಳೇ, ಇದೇ ಮಾತಿಗೆ ನ್ಯಾಯಾಧೀಶರ ನಿಲುವಂಗಿ ತೊಡಿಸಿ, “ಕರಾರಿನ ಸ್ವಾತಂತ್ರ್ಯ” ಎಂಬ ದೊಡ್ಡ ಹೆಸರಿಟ್ಟು, ರಾಜ್ಯಾಂಗದ ಗದ್ದುಗೆಯ ಮೇಲೆ ಕೂರಿಸಿದ ಒಂದು ದೇಶವಿದೆ. ಅದು ಅಮೆರಿಕ. ಅಲ್ಲಿಯ ಸುಪ್ರೀಂ ಕೋರ್ಟು 1905ರಿಂದ 1937ರವರೆಗೆ, ಮೂವತ್ತೆರಡು ವರ್ಷ, ಈ ಮಾತಿನ ಬಲದಿಂದ ಕಾರ್ಮಿಕರ ಕಾಯಿದೆಗಳನ್ನು ಒಂದೊಂದಾಗಿ ಕಡಿದು ಹಾಕಿತು.

“ಅಮೆರಿಕದ ಕೋರ್ಟಿನ ಸುದ್ದಿ ನಮಗೇಕೆ? ಅದು ವಕೀಲರ ಮಾತು, ಪಂಡಿತರ ಮಾತು” ಎಂದು ನಮ್ಮ ಸಂಘದ ಕಛೇರಿಯಲ್ಲಿಯೇ ಕೆಲವು ಗೆಳೆಯರು ಹೇಳುವುದುಂಟು. ಅವರಿಗೆ ನಮ್ಮ ಉತ್ತರ ಇದು. ಆ ಕಥೆ ಶುರುವಾದದ್ದು ಒಂದು ಬೇಕರಿಯಲ್ಲಿ, ಮುಗಿದದ್ದು ಒಂದು ಹೋಟೆಲಿನಲ್ಲಿ. ಅದು ನಮ್ಮ ಕಸುಬಿನ ಕಥೆ. ಆ ಕಥೆಯ ಪಾಠವನ್ನು ನಮ್ಮ ದೇಶದ ರಾಜ್ಯಾಂಗಕ್ಕೆ ತಂದವರು ನಮ್ಮ ಮಂಗಳೂರಿನವರೇ ಒಬ್ಬರು. ಮತ್ತು ಸತ್ತು ಹೋಯಿತೆಂದು ಎಲ್ಲರೂ ತಿಳಿದಿದ್ದ ಆ ಮಾತು ಇಂದು ಮತ್ತೆ ಎದ್ದು ಓಡಾಡುತ್ತಿದೆ.

ಉಟಿಕಾದ ಬೇಕರಿ

ನ್ಯೂಯಾರ್ಕಿನ ಅನೇಕ ಬೇಕರಿಗಳು ಆ ಕಾಲದಲ್ಲಿ ಬಾಡಿಗೆಮನೆಗಳ ನೆಲಮಾಳಿಗೆಯಲ್ಲಿದ್ದವು. ಗಾಳಿಯಿಲ್ಲ, ಬೆಳಕಿಲ್ಲ, ಹಿಟ್ಟು ನಾದುವಲ್ಲಿಯೇ ಚರಂಡಿಯ ಕೊಳವೆ. ಹಿಟ್ಟಿನ ದೂಳು ಕುಡಿದು ಎದೆಗೂಡು ಕೆಡಿಸಿಕೊಂಡ ಕಾರ್ಮಿಕರು ರಾತ್ರಿಯೆಲ್ಲ ದುಡಿಯುತ್ತಿದ್ದರು. ಅವರು ಸಂಘ ಕಟ್ಟಿದರು, ಕೂಗೆಬ್ಬಿಸಿದರು. 1895ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆಯು ಒಂದು ಮತವೂ ವಿರುದ್ಧ ಬೀಳದೆ ಕಾಯಿದೆ ಮಾಡಿತು: ಬೇಕರಿ ಕೆಲಸಗಾರನಿಂದ ದಿನಕ್ಕೆ 10 ತಾಸು, ವಾರಕ್ಕೆ 60 ತಾಸಿಗಿಂತ ಹೆಚ್ಚು ದುಡಿಸಕೂಡದು.

ಉಟಿಕಾ ಎಂಬ ಊರಿನಲ್ಲಿ ಜೋಸೆಫ್ ಲಾಕ್ನರ್ ಎಂಬ ಬೇಕರಿ ಮಾಲಿಕನಿದ್ದ. ಒಮ್ಮೆ ದಂಡ ತೆತ್ತವನು ಎರಡನೆಯ ಸಲವೂ ಅದೇ ತಪ್ಪಿಗೆ ಸಿಕ್ಕಿಬಿದ್ದ. 50 ಡಾಲರು ದಂಡ ಬಿತ್ತು. ಅದನ್ನು ಹಿಡಿದುಕೊಂಡು ಅವನು ಮೇಲಿನ ಕೋರ್ಟುಗಳ ಮೆಟ್ಟಲು ಹತ್ತಿದ. ಆ ರಾಜ್ಯದ ಅತ್ಯುನ್ನತ ಕೋರ್ಟು ಕಾಯಿದೆ ಸರಿಯೆಂದಿತು. ಆದರೆ 1905ರ ಏಪ್ರಿಲ್ 17ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಕಾಯಿದೆಯನ್ನು ಹೊಡೆದು ಹಾಕಿದರು.

ಅವರು ಕೊಟ್ಟ ಕಾರಣ ಕೇಳಿರಿ. ಅಮೆರಿಕದ ರಾಜ್ಯಾಂಗದ ಹದಿನಾಲ್ಕನೆಯ ತಿದ್ದುಪಡಿ 1868ರಲ್ಲಿ ಬಂದದ್ದು. ಗುಲಾಮಗಿರಿಯಿಂದ ಆಗತಾನೆ ಬಿಡುಗಡೆಯಾದ ಕರಿಯ ಜನರನ್ನು ಕಾಪಾಡಲೆಂದು ಬರೆದದ್ದು. ಯೋಗ್ಯ ಕಾನೂನು ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಪ್ರಾಣ, ಸ್ವಾತಂತ್ರ್ಯ, ಆಸ್ತಿಗಳನ್ನು ಕಸಿಯಕೂಡದು ಎಂಬುದು ಅದರ ಮಾತು. ಅವರು ಇದನ್ನು ‘ಡ್ಯೂ ಪ್ರೊಸೆಸ್’ ಎನ್ನುತ್ತಾರೆ. ಈ ‘ಸ್ವಾತಂತ್ರ್ಯ’ ಎಂಬ ಪದದ ಹೊಟ್ಟೆಯಲ್ಲಿ ನ್ಯಾಯಮೂರ್ತಿ ಪೆಕ್ಯಾಮರಿಗೆ ಇನ್ನೊಂದು ಸ್ವಾತಂತ್ರ್ಯ ಕಂಡಿತು. ಅದು ಧಣಿಯೂ ಆಳೂ ಎಷ್ಟು ತಾಸಿಗಾದರೂ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯ. ಬೇಕರಿಯವರು ಬುದ್ಧಿಯಲ್ಲಿ ಯಾರಿಗೂ ಕಡಿಮೆಯಲ್ಲ, ತಮ್ಮ ಹಿತ ತಾವೇ ನೋಡಿಕೊಳ್ಳಬಲ್ಲರು, ಸರಕಾರ ಅವರಿಗೆ ಪೋಷಕನಾಗಬೇಕಿಲ್ಲ ಎಂದು ಅವರು ಬರೆದರು.

ಎಂಥ ಗೌರವ ನೋಡಿರಿ! ಕಾರ್ಮಿಕನನ್ನು ಹೊಗಳಿ ಹೊಗಳಿ ಅವನ ಎರಡು ತಾಸು ನಿದ್ರೆಯನ್ನು ಕಸಿದುಕೊಂಡರು. ಗುಲಾಮನ ಸಂಕೋಲೆ ಮುರಿಯಲು ಬಂದ ಮಾತನ್ನು ಧಣಿಯ ಕೈಗೆ ಕೋಲಾಗಿ ಕೊಟ್ಟರು.

ಈ ಮೊಕದ್ದಮೆಯಲ್ಲಿ ಲಾಕ್ನರನ ಪರವಾಗಿ ವಾದಿಸಿದವನು ಹೆನ್ರಿ ವೈಸ್‌ಮನ್. ಇವನು ಯಾರು? ಹಿಂದೆ ಬೇಕರಿ ಕಾರ್ಮಿಕರ ಸಂಘದ ಮುಂದಾಳು, ಸಂಘದ ಪತ್ರಿಕೆಯ ಸಂಪಾದಕ. ಆ ಕಾಯಿದೆ ಬರಲಿ ಎಂದು ಬೀದಿಯಲ್ಲಿ ಕೂಗಿದವನೇ ಮುಂದೆ ತಾನೇ ಬೇಕರಿ ಇಟ್ಟು, ಕಾನೂನು ಓದಿ, ಆ ಕಾಯಿದೆಯ ಕತ್ತು ಹಿಸುಕಿದ. ಗಲ್ಲಾದ ಆಚೆಗೆ ಹೋದೊಡನೆ ಮಾತು ಬದಲಾಗುವುದು ನಮ್ಮ ಕಸುಬಿನಲ್ಲಿ ಹೊಸತಲ್ಲ; ಉದಾಹರಣೆ ಹುಡುಕಲು ಉಟಿಕಾಕ್ಕೆ ಹೋಗಬೇಕಾಗಿಯೂ ಇಲ್ಲ.

ಪಂಡಿತರಲ್ಲಿಯೂ ಎರಡು ಪಂಗಡ

ಕಾನೂನು ಪಂಡಿತರೆಲ್ಲ ಧಣಿಗಳ ಕಡೆಯವರೆಂದು ನಾವು ತಿಳಿಯಕೂಡದು. ಹಾರ್ವರ್ಡಿನ ಜೇಮ್ಸ್ ಬ್ರಾಡ್ಲಿ ಥೇಯರ್ 1893ರಲ್ಲಿಯೇ ಒಂದು ಪ್ರಬಂಧ ಬರೆದು ಎಚ್ಚರಿಸಿದ್ದರು. ಜನರು ಆರಿಸಿದ ಸಭೆ ಮಾಡಿದ ಕಾಯಿದೆಯು ರಾಜ್ಯಾಂಗಕ್ಕೆ ವಿರುದ್ಧವೆಂಬುದು ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾದ ಹೊರತು ಕೋರ್ಟು ಅದನ್ನು ಮುಟ್ಟಕೂಡದು ಎಂಬುದು ಅವರ ವಾದ. ಕಾಯಿದೆ ಜಾಣತನದ್ದೋ ಅಲ್ಲವೋ ಎಂದು ಅಳೆಯುವುದು ನ್ಯಾಯಾಧೀಶನ ಕೆಲಸವಲ್ಲ. ಲಾಕ್ನರ್ ಮೊಕದ್ದಮೆಯಲ್ಲಿ ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಹೋಮ್ಸ್ ಇದೇ ದಾರಿಯಲ್ಲಿ ನಡೆದರು. ಅಮೆರಿಕದ ರಾಜ್ಯಾಂಗ ಯಾವೊಂದು ಅರ್ಥಶಾಸ್ತ್ರದ ಪಕ್ಷಕ್ಕೂ ಬರೆದುಕೊಟ್ಟ ಪತ್ರವಲ್ಲವೆಂದು ಅವರು ತಮ್ಮ ಜತೆಯವರಿಗೆ ನೆನಪಿಸಿದರು.

1909ರಲ್ಲಿ ರೋಸ್ಕೋ ಪೌಂಡ್ ಎಂಬ ಪಂಡಿತರು ಯೇಲ್ ಕಾನೂನು ಪತ್ರಿಕೆಯಲ್ಲಿ ಈ ಕರಾರಿನ ಸ್ವಾತಂತ್ರ್ಯವನ್ನೇ ಹಿಡಿದು ಝಾಡಿಸಿದರು. ಕಾರ್ಖಾನೆಯ ಒಳಗನ್ನು ಕಣ್ಣಾರೆ ಕಂಡ ಯಾರಿಗೂ ಗೊತ್ತಿರುವ ಸುಳ್ಳನ್ನು, ಅಂದರೆ ಧಣಿ ಮತ್ತು ಆಳು ಸರಿಸಮಾನರಾಗಿ ಚೌಕಾಶಿ ಮಾಡುತ್ತಾರೆಂಬುದನ್ನು, ಕೋರ್ಟುಗಳು ಮಾತ್ರ ಯಾಕೆ ನಂಬುತ್ತವೆ ಎಂಬುದು ಅವರ ಪ್ರಶ್ನೆ.

ಎಲ್ಲರಿಗಿಂತ ಆಳಕ್ಕೆ ಹೋದವರು ಕೊಲಂಬಿಯಾದ ರಾಬರ್ಟ್ ಹೇಲ್. 1923ರ ಅವರ ಪ್ರಬಂಧದ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಧಣಿ “ಇಷ್ಟವಿಲ್ಲದಿದ್ದರೆ ಹೋಗು” ಎನ್ನುತ್ತಾನೆ. ಸರಿ. ಎಲ್ಲಿಗೆ ಹೋಗುವುದು? ಅನ್ನ ಇನ್ನೊಬ್ಬನದು, ಅಕ್ಕಿಯ ಮೂಟೆ ಇನ್ನೊಬ್ಬನದು, ಮಲಗುವ ಜಾಗ ಇನ್ನೊಬ್ಬನದು. ಕೇಳದೆ ಮುಟ್ಟಿದರೆ ಪೋಲೀಸು ಹಿಡಿಯುತ್ತಾನೆ. ಆ ಪೋಲೀಸನ್ನು ಕಳಿಸಿದ್ದು ಯಾರು? ಸರಕಾರ. ಆ ಆಸ್ತಿಗೆ ಬೇಲಿ ಹಾಕಿದ್ದು ಯಾವುದು? ಕಾಯಿದೆ. ಹಾಗಿದ್ದ ಮೇಲೆ ಧಣಿಯ ಬಾಯಲ್ಲಿ “ಹೋಗು” ಎಂಬ ಮಾತಿಗೆ ಬಲ ತುಂಬಿದ್ದು ಸರಕಾರವೇ. ಸರಕಾರ ಮೊದಲೇ ಒಂದು ಕಡೆ ನಿಂತಾಗಿದೆ. ಕಾರ್ಮಿಕನಿಗಾಗಿ ಕಾಯಿದೆ ಮಾಡುವಾಗ ಮಾತ್ರ “ಅಯ್ಯೋ, ಸರಕಾರ ನಡುವೆ ಬರಕೂಡದು” ಎಂದು ಕೂಗುವುದು ಯಾವ ನ್ಯಾಯ?

ಈ ಒಂದು ಮಾತನ್ನು ನಮ್ಮ ಪ್ರತಿಯೊಬ್ಬ ಸದಸ್ಯನೂ ಬಾಯಿಪಾಠ ಮಾಡಿಕೊಳ್ಳಬೇಕು. ಧಣಿಯ ಸ್ವಾತಂತ್ರ್ಯ ಆಕಾಶದಿಂದ ಇಳಿದದ್ದಲ್ಲ. ಅದೂ ಕಾಯಿದೆಯ ಕೂಸು.

ಲಿಫ್ಟಿನ ಹೆಣ್ಣುಮಗಳು

ಆದರೆ ಪಂಡಿತರು ಬರೆದ ಮಾತ್ರಕ್ಕೆ ಕೋರ್ಟು ಬಗ್ಗಲಿಲ್ಲ. ಹೆಂಗಸರ ಕೆಲಸದ ತಾಸುಗಳಿಗೆ ಮಿತಿ ಹಾಕಿದ ಒರೆಗಾನ್ ರಾಜ್ಯದ ಕಾಯಿದೆಯನ್ನು 1908ರಲ್ಲಿ ಅದು ಉಳಿಸಿದ್ದು ನಿಜ. ಅದೂ ಹೆಂಗಸರು ಅಬಲೆಯರೆಂಬ ಕಾರಣ ಹೇಳಿ. ಅದೇ ರಾಜ್ಯದ ಗಂಡಸರ ಹತ್ತು ತಾಸಿನ ಕಾಯಿದೆಯೂ 1917ರಲ್ಲಿ ಉಳಿಯಿತು. ಆದರೆ ಮಜೂರಿಯ ಮಾತು ಬಂದೊಡನೆ ಬಾಗಿಲು ಮುಚ್ಚಿತು.

ವಾಷಿಂಗ್ಟನ್ ನಗರದಲ್ಲಿ ಹೆಂಗಸರಿಗೆ ಕನಿಷ್ಠ ಮಜೂರಿ ಗೊತ್ತುಪಡಿಸುವ ಕಾಯಿದೆ 1918ರಲ್ಲಿ ಬಂತು. ಅಲ್ಲಿನ ಒಂದು ಹೋಟೆಲಿನಲ್ಲಿ ಲಿಫ್ಟು ನಡೆಸುವ ಇಪ್ಪತ್ತೊಂದು ವರ್ಷದ ಹುಡುಗಿಯಿದ್ದಳು. ಸಂಬಳ ತಿಂಗಳಿಗೆ 35 ಡಾಲರು, ಜತೆಗೆ ದಿನಕ್ಕೆ ಎರಡು ಊಟ. ‘ಊಟ ವಸತಿ ಕೊಟ್ಟು ಇಷ್ಟು’ ಎಂಬ ಲೆಕ್ಕ ನಮಗೆ ಗೊತ್ತಿಲ್ಲದ್ದಲ್ಲ. ಕಾಯಿದೆಯ ದರ ಕೊಡುವುದರ ಬದಲು ಹೋಟೆಲಿನವರು ಅವಳನ್ನು ತೆಗೆದು ಹಾಕಿದರು. ಅವಳು ಕೋರ್ಟಿಗೆ ಹೋದದ್ದು ಯಾರ ಮೇಲೆ? ಹೋಟೆಲಿನ ಮೇಲಲ್ಲ, ಕಾಯಿದೆಯ ಮೇಲೆ! “ಕಡಿಮೆ ಸಂಬಳಕ್ಕೆ ದುಡಿಯುವ ನನ್ನ ಸ್ವಾತಂತ್ರ್ಯ ಹೋಯಿತು” ಎಂಬುದು ಅವಳ ಹೆಸರಿನಲ್ಲಿ ಬರೆದ ಅರ್ಜಿ. ಒಂದು ಆಸ್ಪತ್ರೆಯ ಮೊಕದ್ದಮೆಯ ಜತೆಗೆ ಇದೂ ಸೇರಿ, 1923ರಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ಮೂರರ ಬಹುಮತದಿಂದ ಕಾಯಿದೆಯನ್ನು ರದ್ದು ಮಾಡಿತು. ಆ ಹುಡುಗಿಯನ್ನು ನಾವು ಬೈಯುವುದಿಲ್ಲ. ಹಸಿದವಳ ಹೆಬ್ಬೆಟ್ಟನ್ನು ಹಿಡಿದು ಅರ್ಜಿಗೆ ಒತ್ತಿಸುವ ಕಲೆ ಧಣಿಗಳಿಗೆ ಹಳೆಯದು.

ಗಿರಣಿಯ ಬಂಧುಗಳು ಇನ್ನೊಂದನ್ನು ಕೇಳಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವ ಕಾರ್ಖಾನೆಯ ಮಾಲು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಕೂಡದೆಂದು ಅಮೆರಿಕದ ಕಾಂಗ್ರೆಸ್ಸು 1916ರಲ್ಲಿ ಕಾಯಿದೆ ಮಾಡಿತು. ಉತ್ತರ ಕೆರೊಲಿನಾದ ಹತ್ತಿಗಿರಣಿಯೊಂದರಲ್ಲಿ ದುಡಿಯುತ್ತಿದ್ದ ಇಬ್ಬರು ಹುಡುಗರ ತಂದೆಯನ್ನು ಮುಂದೆ ನಿಲ್ಲಿಸಿ ಗಿರಣಿ ಮಾಲಿಕರು ದಾವೆ ಹೂಡಿಸಿದರು. 1918ರಲ್ಲಿ ಐದಕ್ಕೆ ನಾಲ್ಕರಿಂದ ಆ ಕಾಯಿದೆಯೂ ಬಿತ್ತು. ಇಲ್ಲಿ ಹೇಳಿದ ಕಾರಣ ಬೇರೆ: ಇದು ಕೇಂದ್ರದ ಅಧಿಕಾರವಲ್ಲ, ರಾಜ್ಯಗಳದು ಎಂದು. ಅಂದರೆ ರಾಜ್ಯ ಕಾಯಿದೆ ಮಾಡಿದರೆ ಕರಾರಿನ ಸ್ವಾತಂತ್ರ್ಯ ಅಡ್ಡ, ಕೇಂದ್ರ ಮಾಡಿದರೆ ರಾಜ್ಯದ ಹಕ್ಕು ಅಡ್ಡ. ಎರಡು ಬಾಗಿಲಿನಲ್ಲಿಯೂ ಕಾವಲು ಕೂತ ಮೇಲೆ ಕಾರ್ಮಿಕನ ಮಗು ಒಳಗೆ ಬರುವುದು ಎಲ್ಲಿಂದ?

ಹಾಸಿಗೆ ಹಾಸುವವಳು ಗೆದ್ದಳು

ಇನ್ನು ಎಲ್ಸಿ ಪ್ಯಾರಿಶ್ ಎಂಬ ಹೆಂಗಸಿನ ಕಥೆ. ವಾಷಿಂಗ್ಟನ್ ರಾಜ್ಯದ ವೆನಾಚಿ ಎಂಬ ಊರಿನ ಹೋಟೆಲಿನಲ್ಲಿ ಖೋಲಿ ಗುಡಿಸಿ, ಹಾಸಿಗೆ ಹಾಸುವ ಕೆಲಸ ಅವಳದು. ತಾಸಿಗೆ 22 ಸೆಂಟಿನಿಂದ ಸೇರಿ ಮುಂದೆ 25ಕ್ಕೆ ಮುಟ್ಟಿದಳು. ಆ ರಾಜ್ಯದ 1913ರ ಕಾಯಿದೆಯಂತೆ 48 ತಾಸಿನ ವಾರಕ್ಕೆ 14 ಡಾಲರು 50 ಸೆಂಟು ಸಿಗಬೇಕಿತ್ತು. 1935ರಲ್ಲಿ ಕೆಲಸ ಹೋದಾಗ ಹೋಟೆಲಿನವರು 17 ಡಾಲರು ಎಣಿಸಿ ಕೈತೊಳೆಯಲು ನೋಡಿದರು. ಅವಳು ತೆಗೆದುಕೊಳ್ಳಲಿಲ್ಲ. ತನ್ನ ಲೆಕ್ಕ ಕಟ್ಟಿ, 216 ಡಾಲರು 19 ಸೆಂಟು ಬಾಕಿಯಿದೆ, ಕೊಡಿರಿ ಎಂದು ದಾವೆ ಹಾಕಿದಳು.

1936ರ ಜೂನಿನಲ್ಲಿ ಇದೇ ಬಗೆಯ ನ್ಯೂಯಾರ್ಕಿನ ಕಾಯಿದೆಯೊಂದನ್ನು ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಿಂದ ಕೊಂದಿತ್ತು. ಆದರೆ 1937ರ ಮಾರ್ಚ್ 29ರಂದು ಅದೇ ಕೋರ್ಟು, ಅದೇ ಒಂಬತ್ತು ಜನ, ಐದಕ್ಕೆ ನಾಲ್ಕರಿಂದ ಎಲ್ಸಿ ಪ್ಯಾರಿಶ್‌ಳ ಪರ ತೀರ್ಪು ಕೊಟ್ಟರು. ರಾಜ್ಯಾಂಗದಲ್ಲಿ ಕರಾರಿನ ಸ್ವಾತಂತ್ರ್ಯವೆಂಬ ಮಾತೇ ಇಲ್ಲವೆಂದು ಮುಖ್ಯ ನ್ಯಾಯಮೂರ್ತಿ ಹ್ಯೂಸ್ ತೋರಿಸಿಕೊಟ್ಟರು. ಬದುಕಲು ಸಾಲದ ಮಜೂರಿ ಕೊಡುವ ಧಣಿಗೆ ಊರಿನವರ ತೆರಿಗೆಯಿಂದ ಸಹಾಯಧನ ಕೊಟ್ಟಂತಾಗುತ್ತದೆ ಎಂದೂ ಹೇಳಿದರು.

ಸುಮಾರು ಹತ್ತು ತಿಂಗಳಲ್ಲಿ ರಾಜ್ಯಾಂಗದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ನ್ಯಾಯಮೂರ್ತಿ ರಾಬರ್ಟ್ಸ್ ಒಬ್ಬರ ಮತ. ಅಧ್ಯಕ್ಷ ರೂಸ್‌ವೆಲ್ಟ್ 1937ರ ಫೆಬ್ರುವರಿಯಲ್ಲಿ ಕೋರ್ಟಿಗೆ ಹೊಸಬರನ್ನು ತುಂಬುವ ಮಸೂದೆ ತಂದದ್ದಕ್ಕೆ ಹೆದರಿ ಅವರು ತಿರುಗಿದರೆಂದು ಜನ ಆಡಿಕೊಂಡರು. ನಾವು ಸುಳ್ಳು ಹೇಳಬಾರದು: ರಾಬರ್ಟ್ಸ್ ಒಳಸಭೆಯಲ್ಲಿ ಮತ ಕೊಟ್ಟದ್ದು 1936ರ ಡಿಸೆಂಬರಿನಲ್ಲಿ, ಮಸೂದೆಗೆ ಮುಂಚೆ. ಆದರೆ ಆ ಮತಕ್ಕೂ ಮುಂಚೆ, ನವೆಂಬರಿನಲ್ಲಿ, 48 ರಾಜ್ಯಗಳ ಪೈಕಿ 46ರಲ್ಲಿ ಜನ ರೂಸ್‌ವೆಲ್ಟರನ್ನು ಗೆಲ್ಲಿಸಿದ್ದರು. ತೀರ್ಪು ಹೊರಬೀಳುವ ಮುಂಚೆ ಫ್ಲಿಂಟ್ ಊರಿನ ಮೋಟಾರು ಕಾರ್ಮಿಕರು ಕಾರ್ಖಾನೆಯೊಳಗೇ ಕೂತು, ಆರು ವಾರ ಮುಷ್ಕರ ನಡೆಸಿ ಗೆದ್ದಿದ್ದರು. ನ್ಯಾಯಮೂರ್ತಿಗಳು ಕಿಟಕಿಯ ಆಚೆ ನೋಡುವುದಿಲ್ಲವೆಂದು ಹೇಳುವವರು ಹೇಳಿಕೊಳ್ಳಲಿ. ಎರಡು ವಾರದೊಳಗೆ ಸಂಘ ಕಟ್ಟುವ ಹಕ್ಕಿನ ಕಾಯಿದೆಯೂ ಅದೇ ಕೋರ್ಟಿನಲ್ಲಿ ಉಳಿಯಿತು.

ಇಲ್ಲಿ ಒಂದು ಕಹಿಯೂ ಇದೆ. ಎಲ್ಸಿಯ ಗೆಲುವಿನ ಮರುವರ್ಷ, 1938ರಲ್ಲಿ, ಅಮೆರಿಕದ ಕೇಂದ್ರ ಸರಕಾರ ಕನಿಷ್ಠ ಮಜೂರಿ ಕಾಯಿದೆ ಮಾಡಿದಾಗ ಹೋಟೆಲು ಕಾರ್ಮಿಕರು ಬಹುಮಟ್ಟಿಗೆ ಹೊರಗೇ ಉಳಿದರು. 1966ರಲ್ಲಿ ಒಳಗೆ ಬಂದರು. ಬರುವಾಗ ಗಿರಾಕಿ ಕೊಡುವ ಟಿಪ್ಪನ್ನು ಮಜೂರಿಯ ಲೆಕ್ಕಕ್ಕೆ ಜಮಾ ಹಿಡಿಯುವ ಕೊಂಡಿಯನ್ನೂ ಧಣಿಗಳು ಸೇರಿಸಿಕೊಂಡರು. ಅಲ್ಲಿ ಟಿಪ್ಪು ಪಡೆಯುವ ಕಾರ್ಮಿಕನಿಗೆ ಧಣಿ ಕೈಯಿಂದ ಕೊಡಲೇಬೇಕಾದ ಕೇಂದ್ರ ದರ 1991ರಲ್ಲಿ ತಾಸಿಗೆ 2 ಡಾಲರು 13 ಸೆಂಟು ಎಂದು ಗೊತ್ತಾದದ್ದು ಅಲ್ಲಿಗೇ ನಿಂತಿದೆ. ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ತಟ್ಟೆಗೆ ಅನ್ನ ಬೀಳುವುದಿಲ್ಲ.

ಮಂಗಳೂರಿನವರು ತಂದ ಪಾಠ

ಈಗ ನಮ್ಮ ದೇಶಕ್ಕೆ ಬರೋಣ. ಲಿಫ್ಟಿನ ಹುಡುಗಿಯ 1923ರ ಮೊಕದ್ದಮೆಯಲ್ಲಿ ಕನಿಷ್ಠ ಮಜೂರಿಯ ಪರ ವಾದಿಸಿ ಸೋತವರು ಫೆಲಿಕ್ಸ್ ಫ್ರಾಂಕ್‌ಫರ್ಟರ್. ಹಾರ್ವರ್ಡಿನ ಅಧ್ಯಾಪಕರು, ಥೇಯರರ ವಿಚಾರವನ್ನು ತಲೆಯ ಮೇಲೆ ಹೊತ್ತವರು. ಮುಷ್ಕರಗಳನ್ನು ಕೋರ್ಟಿನ ತಡೆಯಾಜ್ಞೆಯಿಂದ ಮುರಿಯುವ ಪದ್ಧತಿಯ ಮೇಲೆ 1930ರಲ್ಲಿ ಗೆಳೆಯರೊಬ್ಬರ ಜತೆ ದೊಡ್ಡ ಗ್ರಂಥ ಬರೆದವರು. ಮುಂದೆ ಅವರೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು.

1947ರ ಕೊನೆಯಲ್ಲಿ ಅವರನ್ನು ಕಾಣಲು ಭಾರತದಿಂದ ಒಬ್ಬರು ಹೋದರು. ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ನಮ್ಮ ರಾಜ್ಯಾಂಗ ಸಭೆಯ ಸಲಹೆಗಾರರು. ನಮ್ಮ ರಾಜ್ಯಾಂಗದ ಕರಡಿನಲ್ಲಿ ಅಮೆರಿಕದ ಆ ‘ಡ್ಯೂ ಪ್ರೊಸೆಸ್’ ಮಾತನ್ನು ಹಾಕುವ ವಿಚಾರವಿತ್ತು. ಅದು ಪ್ರಜಾಪ್ರಭುತ್ವಕ್ಕೆ ಒಗ್ಗದ್ದು, ಬೆರಳೆಣಿಕೆಯ ನ್ಯಾಯಾಧೀಶರಿಗೆ ಜನರ ಕಾಯಿದೆಯನ್ನು ಕೊಲ್ಲುವ ಬಲ ಕೊಡುತ್ತದೆ ಎಂಬ ಅಭಿಪ್ರಾಯ ಫ್ರಾಂಕ್‌ಫರ್ಟರರದು. ರಾಯರು ಆ ಎಚ್ಚರಿಕೆಯನ್ನು ಹೊತ್ತು ತಂದರು. ಕರಡು ಸಮಿತಿ ಆ ಪದಗಳನ್ನು ಬಿಟ್ಟು “ಕಾನೂನಿನಿಂದ ಗೊತ್ತಾದ ಕ್ರಮ” ಎಂಬ ಅರ್ಥದ ಮಾತು ಹಾಕಿತು. ಅದೇ ಇಂದಿನ 21ನೆಯ ಅನುಚ್ಛೇದ. ಅಮೆರಿಕದ ಬೇಕರಿಯವನ, ಹೋಟೆಲು ಹುಡುಗಿಯ ಸೋಲು ನಮ್ಮ ರಾಜ್ಯಾಂಗದ ಒಂದು ಸಾಲನ್ನು ಬದಲಿಸಿತು.

ಇದು ಪೂರಾ ಲಾಭವಾಯಿತೇ? ಇಲ್ಲ. ಧಣಿಯ ಚೀಲಕ್ಕೆ ಸಿಗಬಾರದ ರಕ್ಷಣೆ ತಪ್ಪಿತು, ಸರಿ. ಆದರೆ ಅದರ ಜತೆಗೆ ಮನುಷ್ಯನ ಮೈಗೆ ಸಿಗಬೇಕಾದ ರಕ್ಷಣೆಯೂ ತೆಳುವಾಯಿತು. ಕಮ್ಯೂನಿಸ್ಟ್ ಮುಂದಾಳು ಎ. ಕೆ. ಗೋಪಾಲನ್ನರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಾಗ 1950ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಕಾಯಿದೆಯೊಂದಿದ್ದರೆ ಸಾಕು, ಅದು ನ್ಯಾಯವೋ ಅನ್ಯಾಯವೋ ಕೇಳಬೇಕಿಲ್ಲ ಎಂಬಂತೆ ತೀರ್ಪು ಕೊಟ್ಟಿತು. 1976ರ ಏಪ್ರಿಲಿನಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ಸೆರೆಯಾಳು ಕೋರ್ಟಿನ ಬಾಗಿಲು ಬಡಿಯಲೂ ಬಾರದು ಎಂದಿತು. ಮಂಗಳೂರಿನಲ್ಲಿ ಹೋಟೆಲು ಕಾರ್ಮಿಕರ ಸಂಘಟನೆಯಿಂದ ಶುರುಮಾಡಿ ಮುಂಬಯಿಯ ಕಾರ್ಮಿಕ ಮುಂದಾಳಾದ ಜಾರ್ಜ್ ಫರ್ನಾಂಡಿಸ್ ಅದೇ ವರ್ಷ ಜೂನಿನಲ್ಲಿ ಸೆರೆಮನೆ ಸೇರಿದರು. 1978ರಲ್ಲಿ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ ಮಾತ್ರ, ಆ ‘ಕ್ರಮ’ ನ್ಯಾಯವೂ ಯೋಗ್ಯವೂ ಆಗಿರಬೇಕೆಂದು ಕೋರ್ಟು ತನ್ನ ಮಾತು ತಿದ್ದಿಕೊಂಡಿತು.

ಆದುದರಿಂದ “ಕೋರ್ಟು ಬೇಡ, ಎಲ್ಲ ಸರಕಾರವೇ ನೋಡಿಕೊಳ್ಳಲಿ” ಎನ್ನುವ ಗೆಳೆಯರ ಮಾತನ್ನೂ ನಾವು ಒಪ್ಪಲಾರೆವು. ಹಾಗಾದರೆ ಗೆರೆ ಎಲ್ಲಿ? ಅದನ್ನು ಎಳೆದು ತೋರಿಸಿದವರೂ ಅಮೆರಿಕದ ಒಬ್ಬ ನ್ಯಾಯಮೂರ್ತಿಯೇ. ಕೆನೆ ತೆಗೆದ ಹಾಲಿಗೆ ಬೇರೆ ಎಣ್ಣೆ ಬೆರೆಸಿ ಮಾರುವುದನ್ನು ತಡೆದ ಕಾಯಿದೆಯ ಕುರಿತ 1938ರ ಮೊಕದ್ದಮೆಯಲ್ಲಿ, ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ, ನ್ಯಾಯಮೂರ್ತಿ ಸ್ಟೋನ್ ಸೂಚಿಸಿದ್ದು ಹೀಗೆ: ವ್ಯಾಪಾರ ವಹಿವಾಟಿನ ಕಾಯಿದೆಗಳನ್ನು ಕೋರ್ಟು ಸುಲಭವಾಗಿ ಕೆಡವಬಾರದು, ಆದರೆ ರಾಜ್ಯಾಂಗ ಹೆಸರಿಟ್ಟು ಕೊಟ್ಟ ಹಕ್ಕುಗಳಿಗೆ, ಜನರ ಮತಕ್ಕೆ ಮಾತಿಗೆ ಅಡ್ಡ ಬರುವ, ಸಂಖ್ಯೆಯಲ್ಲಿ ಕಡಿಮೆಯಿರುವ ಜನರನ್ನು ತುಳಿಯುವ ಕಾಯಿದೆಗಳನ್ನು ಕಣ್ಣಿಟ್ಟು ಪರೀಕ್ಷಿಸಬೇಕಾದೀತು. ನಮ್ಮ ಭಾಷೆಯಲ್ಲಿ ಹೇಳಿದರೆ, ಸರಕಾರದ ಕೈ ಧಣಿಯ ಗಲ್ಲಾಪೆಟ್ಟಿಗೆಗೆ ತಾಗಿದಾಗ ಕೋರ್ಟು ನಿಧಾನಿಸಲಿ. ಸರಕಾರದ ಕೈ ಮನುಷ್ಯನ ಕತ್ತಿಗೆ ಬಂದಾಗ ಓಡಿ ಬರಲಿ. ಮತಪೆಟ್ಟಿಗೆಯಿಂದ ತಿದ್ದಬಹುದಾದ ತಪ್ಪನ್ನು ಜನ ತಿದ್ದಿಕೊಳ್ಳುತ್ತಾರೆ. ಸೆರೆಮನೆಯಲ್ಲಿ ಕೂತವನು ಮತಪೆಟ್ಟಿಗೆಯ ಬಳಿ ಹೋಗಲಾರ.

ನಮ್ಮ ಸುಪ್ರೀಂ ಕೋರ್ಟು ಹಲವು ಸಲ ಈ ಗೆರೆಯನ್ನು ಸರಿಯಾಗಿ ಹಿಡಿದದ್ದುಂಟು. 1948ರ ಕನಿಷ್ಠ ವೇತನ ಕಾಯಿದೆಯಿಂದ ವ್ಯಾಪಾರದ ಸ್ವಾತಂತ್ರ್ಯ ಹೋಯಿತೆಂದು ಅಜ್ಮೀರದ ವಿಜಯ ಕಾಟನ್ ಗಿರಣಿಯವರು ದೂರು ಒಯ್ದರು. ಕಡಿಮೆ ಮಜೂರಿಗೆ ನಾವು ತಯಾರಿದ್ದೇವೆ ಎನ್ನುವ ಕೆಲವು ಕಾರ್ಮಿಕರೂ ಅವರ ಜತೆಗೆ ಬಂದರು. ಅದೇ ವಾಷಿಂಗ್ಟನ್ನಿನ ಲಿಫ್ಟಿನ ಆಟ! ಆದರೆ ಇಲ್ಲಿ 1954ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಶೋಷಣೆ ತಪ್ಪಬೇಕಾದರೆ ಕರಾರಿನ ಸ್ವಾತಂತ್ರ್ಯಕ್ಕೆ ಕಡಿವಾಣ ಬೇಕೇ ಬೇಕೆಂದಿತು. ದಿಲ್ಲಿಯ ಏಷಿಯಾಡ್ ಕ್ರೀಡಾಂಗಣಗಳನ್ನು ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ 1982ರಲ್ಲಿ ಇನ್ನೂ ಮುಂದೆ ಹೋಯಿತು. ಹಸಿವೂ ಒಂದು ಬಲಾತ್ಕಾರವೇ, ಕನಿಷ್ಠ ಮಜೂರಿಗಿಂತ ಕಡಿಮೆಗೆ ದುಡಿಸುವುದು ಬಿಟ್ಟಿ ದುಡಿಮೆಯೇ ಎಂದಿತು. “ನೀನಾಗಿ ಒಪ್ಪಿದೆ” ಎನ್ನುವ ಧಣಿಗೆ ಇದಕ್ಕಿಂತ ಉತ್ತಮ ಉತ್ತರವನ್ನು ಯಾವ ಕೋರ್ಟೂ ಕೊಟ್ಟದ್ದನ್ನು ನಾವು ಕಾಣೆವು.

ಹಳೆಯ ದೆವ್ವ, ಹೊಸ ಅಂಗಿ

ಇನ್ನು ನೆಮ್ಮದಿಯಿಂದ ಮಲಗೋಣವೇ? ಕೂಡದು. ಲಾಕ್ನರ್ ತೀರ್ಪು ತಪ್ಪೆಂದು ಅಮೆರಿಕದ ಪಂಡಿತರು ತಲೆಮಾರುಗಟ್ಟಲೆ ಕಲಿಸಿದರು. 2011ರಲ್ಲಿ ಡೇವಿಡ್ ಬರ್ನ್‌ಸ್ಟೀನ್ ಎಂಬ ಅಧ್ಯಾಪಕರು ಅದೇ ತೀರ್ಪಿಗೆ ಮಾನ ಮರಳಿಸುವ ಪುಸ್ತಕ ಬರೆದರು. ಕಾಯಿದೆಗಳನ್ನು ಜಾರಿಗೆ ತರುವ ಸರಕಾರಿ ಮಂಡಳಿಗಳ ಅಧಿಕಾರವೇ ಅಕ್ರಮವಲ್ಲವೇ ಎಂದು ಫಿಲಿಪ್ ಹ್ಯಾಂಬರ್ಗರ್ 2014ರಲ್ಲಿ ಕೇಳಿದರು. ಇದು 1930ರ ದಶಕದ ಹಳೆಯ ಯುದ್ಧವೇ ಮರಳಿ ಬಂದದ್ದೆಂದು ಗಿಲಿಯನ್ ಮೆಟ್ಜರ್ 2017ರಲ್ಲಿ ಎಚ್ಚರಿಸಿದರು.

ಮರುವರ್ಷವೇ, 2018ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಿಂದ ಒಂದು ತೀರ್ಪು ಕೊಟ್ಟಿತು. ಸಂಬಳದ ತಕರಾರಿದ್ದರೆ ನಾಲ್ಕು ಜನ ಕೂಡಿ ಕೋರ್ಟಿಗೆ ಹೋಗುವುದಿಲ್ಲ, ಒಬ್ಬೊಬ್ಬನೇ ಪಂಚಾಯತಿಕೆಗೆ ಹೋಗುತ್ತೇನೆ ಎಂದು ಕಾರ್ಮಿಕನಿಂದ ಬರೆಸಿಕೊಂಡ ಕರಾರು ಸಿಂಧುವೆಂದಿತು. ಒಪ್ಪದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಲಾಕ್ನರ್ ಕಾಲವನ್ನು ಹೆಸರಿಟ್ಟೇ ನೆನಪಿಸಿದರು. 2024ರ ಜೂನ್ 28ರಂದು, ಕಾಯಿದೆಯ ಮಾತು ಅಸ್ಪಷ್ಟವಿದ್ದಲ್ಲಿ ಅದನ್ನು ನಡೆಸುವ ಇಲಾಖೆಯ ಅರ್ಥವನ್ನು ಕೋರ್ಟು ಮನ್ನಿಸಬೇಕೆಂಬ 1984ರ ನಿಯಮವೂ ಹೋಯಿತು. ಕೊನೆಯ ಮಾತು ಮತ್ತೆ ನ್ಯಾಯಾಧೀಶನ ಬಾಯಿಗೇ ಬಂತು.

ನಮ್ಮಲ್ಲಿ ಏನಾಗಿದೆ? 1948ರ ಕಾಯಿದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದು 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಕಾರ್ಮಿಕರ ಇನ್‌ಸ್ಪೆಕ್ಟರನ ಹುದ್ದೆಗೆ ‘ಫೆಸಿಲಿಟೇಟರ್’ ಎಂಬ ಬಾಲ ಸೇರಿದೆ. ಧಣಿಯನ್ನು ಹಿಡಿಯಬೇಕಾದವನೇ ಧಣಿಗೆ ಸಲಹೆ ಕೊಡುವವನೂ ಆಗಿದ್ದಾ‌ನೆ. ಇದೂ ಕಾಯಿದೆಯೇ, ನಾವು ಮತ ಕೊಟ್ಟವರೇ ಮಾಡಿದ್ದು. ಕೋರ್ಟು ನಿಧಾನಿಸಲಿ ಎಂದು ಹೇಳಿದ ನಾವು ಶಾಸನಸಭೆಯ ಮೇಲೆ ಕಣ್ಣಿಡುವ ಹೊಣೆ ಹೊರದಿದ್ದರೆ ನಮ್ಮ ವಾದಕ್ಕೆ ಅರ್ಥವಿಲ್ಲ.

ಬಂಧುಗಳೇ, ಎಲ್ಸಿ ಪ್ಯಾರಿಶ್‌ಳ ಕಾಯಿದೆ 1913ರಿಂದಲೂ ಪುಸ್ತಕದಲ್ಲಿತ್ತು. ಆದರೂ ಅವಳಿಗೆ ಕಡಿಮೆ ಸಂಬಳವೇ ಸಿಗುತ್ತಿತ್ತು. ಅವಳು 17 ಡಾಲರನ್ನು ತಿರುಗಿಸಿ ಕೊಟ್ಟ ದಿನ ಆ ಕಾಯಿದೆಗೆ ಜೀವ ಬಂತು. ಆದುದರಿಂದ ನಾವು ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ದಿನದಿನದ ಕೆಲಸದ ತಾಸನ್ನೂ ಕೈಗೆ ಬಂದ ಪಗಾರವನ್ನೂ ಬರೆದಿಡೋಣ. ನೇಮಕಪತ್ರ ಕೇಳೋಣ. ಖಾಲಿ ಕಾಗದಕ್ಕೆ ಸಹಿ ಹಾಕುವುದನ್ನು ಬಿಡೋಣ. ಓದಲು ಬಾರದವನು ಕಾಗದವನ್ನು ಸಂಘದ ಕಛೇರಿಗೆ ತರಲಿ, ಓದಿ ಹೇಳುತ್ತೇವೆ. ಬಾಕಿಯ ಲೆಕ್ಕ ತಂದರೆ ಕೂಡಿ ಕಟ್ಟೋಣ.

ಮತ್ತೆ ಯಾರಾದರೂ ಗಲ್ಲಾದ ಹಿಂದಿನಿಂದ “ಇಷ್ಟವಿದ್ದರೆ ಇರು” ಎಂದರೆ, ಒಬ್ಬನೇ ಉತ್ತರ ಕೊಡುವುದು ಬೇಡ. ಎಲ್ಲರೂ ಕೂಡಿ ಹೇಳೋಣ: “ಇರುತ್ತೇವೆ. ಕಾಯಿದೆಯ ತಾಸು, ಕಾಯಿದೆಯ ಪಗಾರದ ಮೇಲೆ ಇರುತ್ತೇವೆ.”